ಊರಿಗಿಂತ ಮೊದಲು ಬಂದ ರೈಲು

ಲಿಂಕನ್ ನಿಲ್ದಾಣ ಬಿಟ್ಟಾಗ ನಡುರಾತ್ರಿ ಕಳೆದಿತ್ತು. ಹೊರಗೆ ನೆಬ್ರಾಸ್ಕಾದ ಬಯಲು, ಕಗ್ಗತ್ತಲು. ನಿದ್ದೆ ಬಾರದೆ ಗಾಜಿನ ಬೋಗಿಗೆ ಬಂದು ಕುಳಿತಿದ್ದೆ. ಶಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಎಮರಿವಿಲ್‌ವರೆಗೆ 2,438 ಮೈಲಿ ಓಡುವ ಕ್ಯಾಲಿಫೋರ್ನಿಯಾ ಜೆಫಿರ್ ಗಾಡಿಯಲ್ಲಿ ಅಂಥದೊಂದು ಬೋಗಿ ಇದೆ. ಕಿಟಕಿಯ ಗಾಜು ಸೂರಿನ ತನಕ ಬಾಗಿಕೊಂಡು ಹೋಗಿರುತ್ತದೆ, ಕುರ್ಚಿಗಳು ಹೊರಗೆ ಮುಖ ಮಾಡಿರುತ್ತವೆ. ಹಗಲಲ್ಲಿ ಅಲ್ಲಿ ಜಾಗ ಸಿಕ್ಕರೆ ಪುಣ್ಯ. ಆ ಹೊತ್ತಿನಲ್ಲಿ ಇದ್ದವರು ಇಬ್ಬರೇ: ನಾನು, ಮತ್ತು ಎರಡು ಕುರ್ಚಿ ಆಚೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಒಬ್ಬ ವಯಸ್ಸಾದ ರೈತರು. ಹೇಸ್ಟಿಂಗ್ಸ್‌ನಲ್ಲಿ ಇಳಿಯಬೇಕಂತೆ. ಕಣ್ಣು ಮುಚ್ಚಿದರೆ ಊರು ದಾಟಿಹೋಗುತ್ತದೆಂಬ ಭಯಕ್ಕೆ ಎದ್ದು ಕೂತಿದ್ದರು.

ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದೇ ನೋಟ ಬಂದು ಬಂದು ಹೋಗುತ್ತಿತ್ತು. ಕತ್ತಲಲ್ಲಿ ಮೊದಲು ಒಂದು ದೀಪ. ದೀಪದ ಕೆಳಗೆ ಕಾಂಕ್ರೀಟಿನ ಧಾನ್ಯದ ಕಣಜ, ನಮ್ಮ ಅಪಾರ್ಟ್‌ಮೆಂಟುಗಳಷ್ಟು ಎತ್ತರ. ಅದಕ್ಕೆ ಅಂಟಿಕೊಂಡು ಒಂದು ನೇರ ರಸ್ತೆ, ನಾಲ್ಕು ಅಂಗಡಿ, ನೀರಿನ ಟ್ಯಾಂಕು. ಮತ್ತೆ ಕತ್ತಲು. ಮೂರನೆಯದೋ ನಾಲ್ಕನೆಯದೋ ಬಂದಾಗ ಇದು ಯಾವ ಊರೆಂದು ಕೇಳಿದೆ. ಅವರು ನಕ್ಕು, "ಎಬಿಸಿಡಿ ಬರುತ್ತಲ್ಲ, ಎಣಿಸಿಕೊಳ್ಳಿ" ಎಂದರು.

ಎಣಿಸಿದರೆ ಸರಿಯಾಗಿಯೇ ಇತ್ತು. ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್, ಇನ್‌ಲ್ಯಾಂಡ್, ಮುಂದೆ ಜುನಿಯಾಟಾ, ಕೆನಿಸಾ, ಲೋವೆಲ್. ಸಿ ಇಂದ ಎಲ್ ತನಕ ಒಂದಕ್ಷರವೂ ತಪ್ಪಿಲ್ಲ. 1871–72ರ ಸುಮಾರಿಗೆ ಬರ್ಲಿಂಗ್ಟನ್ ಕಂಪನಿ ಈ ಹಳಿ ಹಾಸುತ್ತ ಪಡುವಣಕ್ಕೆ ಹೋದಾಗ ಇಲ್ಲಿ ಊರೇ ಇರಲಿಲ್ಲ. ಹುಲ್ಲು ಇತ್ತು. ಎಂಜಿನ್ನಿಗೆ ನೀರು ಬೇಕು, ರೈತನ ಗಾಡಿ ಬೆಳಗ್ಗೆ ಹೊರಟು ಕಾಳು ಇಳಿಸಿ ಸಂಜೆಗೆ ಮನೆ ಸೇರಬೇಕು. ಆ ಲೆಕ್ಕಕ್ಕೆ ಒಪ್ಪುವ ದೂರಕ್ಕೊಂದು ನಿಲ್ದಾಣ ಗುರುತು ಮಾಡಿದರು. ಇಷ್ಟು ನಿಲ್ದಾಣಗಳಿಗೆ ಹೆಸರೆಲ್ಲಿಂದ ತರುವುದು? ಅಕ್ಷರಮಾಲೆ ಹಿಡಿದು ಇಡುತ್ತ ಹೋದರು. ಹೇಸ್ಟಿಂಗ್ಸ್ ಮಾತ್ರ ಸಾಲಿಗೆ ಸೇರುವುದಿಲ್ಲ, ಯಾಕೆಂದರೆ ಅದು ಆಮೇಲೆ ಇನ್ನೊಂದು ಕಂಪನಿಯ ಹಳಿ ಬಂದು ಅಡ್ಡ ದಾಟಿದ ಜಾಗದಲ್ಲಿ ಹುಟ್ಟಿದ ಊರು. ನನ್ನ ಜೊತೆಗಾರರಿಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇದ್ದಂತಿತ್ತು.

ನಾನು ಬೆರಗಾಗಿ ಕುಳಿತೆ. ನಮ್ಮ ಕಡೆ ಊರು ಮೊದಲು. ಕೆರೆ, ಗುಡಿ, ಅರಳಿಕಟ್ಟೆ, ಸಂತೆ ಎಲ್ಲ ಆಗಿ ನೂರಾರು ವರ್ಷ ಕಳೆದ ಮೇಲೆ ರೈಲು ಬಂತು. ಬಂದದ್ದೂ ಊರಿಂದ ಒಂದೆರಡು ಮೈಲಿ ಆಚೆಗೆ, ಜಟಕಾದಲ್ಲಿ ಹೋಗಿ ಹತ್ತಬೇಕಾದಷ್ಟು ದೂರಕ್ಕೆ. ಅಮೆರಿಕದ ಈ ಬಯಲಿನಲ್ಲಿ ಹಳಿ ಮುಂದೆ, ಊರು ಹಿಂದೆ. ಮೊದಲು ನಿಲ್ದಾಣ, ಆಮೇಲೆ ಕಣಜ, ಆಮೇಲೆ ಅಂಗಡಿ, ಕೊನೆಗೆ ಜನ. ಜನರನ್ನೂ ರೈಲ್ವೆ ಕಂಪನಿಯೇ ಕರೆತಂದಿತು. ಸರ್ಕಾರ ಹಳಿ ಹಾಕುವುದಕ್ಕೆ ದುಡ್ಡಿನ ಬದಲು ಭೂಮಿ ಕೊಟ್ಟಿತ್ತು. ಹಳಿಯ ಎರಡು ಬದಿಗೂ ಚದುರಂಗದ ಮಣೆಯಂತೆ ಒಂದು ಚೌಕ ಕಂಪನಿಗೆ, ಒಂದು ಚೌಕ ಸರ್ಕಾರಕ್ಕೆ. ಹೀಗೆ ದೇಶದಲ್ಲೆಲ್ಲ ರೈಲ್ವೆ ಕಂಪನಿಗಳಿಗೆ ಕೇಂದ್ರ ಸರ್ಕಾರ ಹಂಚಿದ ನೆಲ ಸುಮಾರು 13 ಕೋಟಿ ಎಕರೆ. ಎರಡೂವರೆ ಕರ್ನಾಟಕಕ್ಕೂ ಹೆಚ್ಚು! ನೆಬ್ರಾಸ್ಕಾದಲ್ಲಿ ಬರ್ಲಿಂಗ್ಟನ್ ಒಂದಕ್ಕೇ ಇಪ್ಪತ್ತು ಲಕ್ಷ ಎಕರೆ ಮೀರಿ ಸಿಕ್ಕಿತ್ತು. ಅದನ್ನು ಮಾರಲು ಯುರೋಪಿನ ಹಳ್ಳಿಹಳ್ಳಿಗೆ, ಅವರವರ ಭಾಷೆಯಲ್ಲೇ ಕರಪತ್ರ ಹೋದವು. ಜರ್ಮನರು, ಸ್ವೀಡನ್ನಿನವರು, ಬೊಹೀಮಿಯದ ಚೆಕ್ ರೈತರು ಹಡಗು ಹತ್ತಿ, ರೈಲು ಹತ್ತಿ, ತಾವು ಕಂಡು ಕೇಳಿರದ ಈ ಹುಲ್ಲುಗಾವಲಿನಲ್ಲಿ ಬಂದಿಳಿದರು. ರೈತರ ಅಜ್ಜನ ಅಪ್ಪ ಹಾಗೆ ಬಂದವರಂತೆ. ಒಂದು ಟ್ರಂಕು, ಒಂದು ನೇಗಿಲ ಗುಳ, ಇಬ್ಬರು ಮಕ್ಕಳು. ಅಷ್ಟು ಹೇಳಿ, ಹೇಸ್ಟಿಂಗ್ಸ್ ಬಂದಾಗ ಟೋಪಿ ಹಾಕಿಕೊಂಡು ಇಳಿದುಹೋದರು.

ಆದರೆ ಬಯಲು ನಿಜಕ್ಕೂ ಖಾಲಿ ಇರಲಿಲ್ಲ. ಪಾನಿ, ಸೂ, ಶೆಯೆನ್ ಜನರ ನೆಲ ಅದು, ಕೋಟಿಗಟ್ಟಲೆ ಕಾಡೆಮ್ಮೆಗಳ ನೆಲ. 1867ರ ಆಗಸ್ಟಿನಲ್ಲಿ ಇದೇ ನೆಬ್ರಾಸ್ಕಾದ ಪ್ಲಮ್ ಕ್ರೀಕ್ ಹತ್ತಿರ ಶೆಯೆನ್ ಯೋಧರು ಹಳಿ ಕಿತ್ತು ಗೂಡ್ಸ್ ಗಾಡಿಯೊಂದನ್ನು ಕೆಡವಿದ್ದರು. ಪಾನಿಗಳು ಮಾತ್ರ ತಮ್ಮ ಹಳೆಯ ಹಗೆಗಳಾದ ಸೂಗಳ ವಿರುದ್ಧ ಸೈನ್ಯಕ್ಕೆ ಸೇರಿ ರೈಲ್ವೆ ಕೆಲಸಗಾರರಿಗೆ ಕಾವಲು ನಿಂತರು. ಅದರ ಉಪಕಾರ ಯಾರೂ ನೆನೆಯಲಿಲ್ಲ. 1870ರ ದಶಕದಲ್ಲೇ ಅವರನ್ನೂ ನೆಬ್ರಾಸ್ಕಾದಿಂದ ದಕ್ಷಿಣಕ್ಕೆ, ಈಗಿನ ಒಕ್ಲಹೋಮಕ್ಕೆ ಸಾಗಿಸಲಾಯಿತು. ಕಾಡೆಮ್ಮೆಯ ಚರ್ಮ ಪೂರ್ವದ ಕಾರ್ಖಾನೆಗಳಲ್ಲಿ ಯಂತ್ರ ತಿರುಗಿಸುವ ಪಟ್ಟಿಗೆ ಬೇಕಾಯಿತು, ಸಾಗಿಸಲು ರೈಲಂತೂ ಸಿದ್ಧವಿತ್ತು. ಕಿಟಕಿಯಿಂದ ಸುಮ್ಮನೆ ಮೋಜಿಗೆ ಗುಂಡು ಹಾರಿಸಿದ ಪ್ರಯಾಣಿಕರೂ ಇದ್ದರು. 1880ರ ದಶಕ ಮುಗಿಯುವ ಹೊತ್ತಿಗೆ ಉಳಿದವು ಸಾವಿರಕ್ಕೂ ಕಡಿಮೆ. ಬೆಳಕು ಹರಿದಾಗ ನಾನು ಕಾಡೆಮ್ಮೆಗಾಗಿ ಕಣ್ಣು ಹಾಯಿಸಿದ್ದೇ ಬಂತು. ಕಂಡದ್ದು ಬೇಲಿಯೊಳಗೆ ಮೇವಿಗೆ ಮುಖ ಹಾಕಿ ನಿಂತ ದನಗಳ ಸಾಲು.

ಹಿಂದೆ ಇಂಥ ದನಗಳು ಎಲ್ಲಿಗೆ ಹೋಗುತ್ತಿದ್ದವೋ ಆ ಊರಿಂದಲೇ ನಾನು ಹಿಂದಿನ ಮಧ್ಯಾಹ್ನ ಹೊರಟದ್ದು. ಶಿಕಾಗೋದ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ದೊಡ್ಡ ದನದ ದೊಡ್ಡಿ 1865ರ ಕ್ರಿಸ್‌ಮಸ್ ದಿನ ಬಾಗಿಲು ತೆರೆದಿತ್ತು. ಮೊದಮೊದಲು ಜೀವಂತ ದನಗಳೇ ರೈಲಿನಲ್ಲಿ ಪೂರ್ವಕ್ಕೆ ಹೋಗುತ್ತಿದ್ದವು. ಗಸ್ಟೇವಸ್ ಸ್ವಿಫ್ಟ್ ಎಂಬ ಕಟುಕ ವ್ಯಾಪಾರಿ 1870ರ ದಶಕದ ಕೊನೆಗೆ ಮಂಜುಗಡ್ಡೆ ತುಂಬಿದ ಬೋಗಿಗಳನ್ನು ಮಾಡಿಸಿದ ಮೇಲೆ ಶಿಕಾಗೋದಲ್ಲಿ ಕಡಿದ ಮಾಂಸ ನ್ಯೂಯಾರ್ಕಿನ ಊಟದ ಮೇಜಿಗೆ ಹೋಯಿತು. ಅದೇ ಮಂಜಿನ ಬೋಗಿಯಲ್ಲಿ ಕ್ಯಾಲಿಫೋರ್ನಿಯಾದ ಹಣ್ಣೂ ಪೂರ್ವಕ್ಕೆ ಹೋಯಿತು. ಹೊರಗೆ ಹಿಮ ಬೀಳುವಾಗ ಒಳಗೆ ಕುಳಿತು ಕಿತ್ತಳೆ ಸುಲಿಯುವುದು ಅಲ್ಲಿಯವರೆಗೆ ಸಿರಿವಂತರಿಗಷ್ಟೇ ಇದ್ದ ಭಾಗ್ಯ.

ಬೆಳಗ್ಗೆ ಫೋನು ನೋಡಿದರೆ ಗಡಿಯಾರ ಒಂದು ಗಂಟೆ ಹಿಂದೆ ಹೋಗಿತ್ತು. ಮಲಗಿದ್ದಾಗ ಯಾರೋ ನನಗೊಂದು ಗಂಟೆ ಬಿಟ್ಟಿಯಾಗಿ ಕೊಟ್ಟಿದ್ದರು. ಮಾರನೆಯ ರಾತ್ರಿ ಇನ್ನೊಂದು ಸಿಕ್ಕಿತು. ಈ ಏರ್ಪಾಡೂ ರೈಲಿನದೇ. ಹಿಂದೆ ಪ್ರತಿ ಊರಿಗೂ ಅದರದೇ ಸೂರ್ಯ, ಅದರದೇ ಹನ್ನೆರಡು ಗಂಟೆ. ಕುದುರೆ ಮೇಲೆ ಹೋಗುವವನಿಗೆ ಅದರಿಂದ ತೊಂದರೆ ಏನಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರು ಬರುವ ಎರಡು ಎಂಜಿನ್ನುಗಳಿಗೆ ಮಾತ್ರ ಅದು ಪ್ರಾಣದ ಪ್ರಶ್ನೆ. ಹಾಗಾಗಿ ರೈಲ್ವೆಗಳ ಪ್ರತಿನಿಧಿಗಳು ಶಿಕಾಗೋದಲ್ಲಿ ಸೇರಿ, ದೇಶವನ್ನು ಉದ್ದುದ್ದ ಪಟ್ಟಿಗಳಾಗಿ ಭಾಗ ಮಾಡಿಕೊಂಡು, ಒಂದೊಂದು ಪಟ್ಟಿಗೆ ಒಂದೊಂದು ಸಮಯ ಎಂದು ಗೊತ್ತುಮಾಡಿದರು. 1883ರ ನವೆಂಬರ್ 18, ಭಾನುವಾರ, ಎಷ್ಟೋ ಊರುಗಳಲ್ಲಿ ಗಡಿಯಾರ ಎರಡು ಸಲ ಹನ್ನೆರಡು ಹೊಡೆಯಿತು. ಅಮೆರಿಕದ ಸಂಸತ್ತು ಕೇಳಿರಲಿಲ್ಲ, ಜನರನ್ನಂತೂ ಯಾರೂ ಕೇಳಿರಲಿಲ್ಲ. ಸರ್ಕಾರ ಇದನ್ನು ಕಾನೂನು ಮಾಡಿದ್ದು 1918ರಲ್ಲಿ, ಮೂವತ್ತೈದು ವರ್ಷ ತಡವಾಗಿ.

ಗಡಿಯಾರದ ಇನ್ನೊಂದು ಕಥೆ ಇದೆ, ನನಗೆ ಬಹಳ ಇಷ್ಟವಾದದ್ದು. 1886ರಲ್ಲಿ ಮಿನೆಸೋಟದ ನಾರ್ತ್ ರೆಡ್‌ವುಡ್ ಎಂಬ ಪುಟ್ಟ ನಿಲ್ದಾಣಕ್ಕೆ ಒಂದು ಪೆಟ್ಟಿಗೆ ಜೇಬುಗಡಿಯಾರ ಬಂತು. ಊರಿನ ಆಭರಣದ ಅಂಗಡಿಯವನು ತನಗೆ ಬೇಡವೆಂದ. ಸ್ಟೇಷನ್ ಏಜೆಂಟ್ ಆಗಿದ್ದ ರಿಚರ್ಡ್ ಸಿಯರ್ಸ್ ಎಂಬ ಹುಡುಗ ಅದನ್ನು ತಾನೇ ಇಟ್ಟುಕೊಂಡು, ಹಳಿಯ ಉದ್ದಕ್ಕೂ ಇದ್ದ ಬೇರೆ ಏಜೆಂಟರಿಗೆ ಮಾರಿದ. ರೈಲಿನ ಕಾಲದಲ್ಲಿ ಗಡಿಯಾರ ಯಾರಿಗೆ ಬೇಡ? ಆ ಹುಡುಗನ ವ್ಯಾಪಾರವೇ ಮುಂದೆ ಸಿಯರ್ಸ್ ರೋಬಕ್ ಕಂಪನಿ. ಅವರ ದಪ್ಪ ಕ್ಯಾಟಲಾಗು ನೋಡಿ ಹಳ್ಳಿಯ ಹೆಂಗಸು ಹೊಲಿಗೆ ಯಂತ್ರ ತರಿಸುತ್ತಿದ್ದಳು. 1908ರ ನಂತರವಂತೂ ಇಡೀ ಮನೆಯನ್ನೇ ತರಿಸಬಹುದಾಗಿತ್ತು. ಅಳತೆಗೆ ಕೊಯ್ದ ಮರ, ಬಾಗಿಲು, ಕಿಟಕಿ, ಮೊಳೆ ಎಲ್ಲವೂ ಗೂಡ್ಸ್ ಬೋಗಿಯಲ್ಲಿ ಬಂದು ನಿಲ್ದಾಣದಲ್ಲಿ ಇಳಿಯುತ್ತಿತ್ತು. ಇವತ್ತು ಬೆರಳಲ್ಲಿ ಒತ್ತಿ ಬಾಗಿಲಿಗೆ ಸಾಮಾನು ತರಿಸಿಕೊಳ್ಳುವ ನಾವು ಹೊಸದೇನೋ ಮಾಡುತ್ತಿದ್ದೇವೆಂದು ತಿಳಿದಿದ್ದೇವೆ.

ಡೆನ್ವರ್ ದಾಟಿದ ಮೇಲಿನ ಹಗಲನ್ನು ವರ್ಣಿಸಲು ನಾನು ಹೋಗುವುದಿಲ್ಲ. ಆರು ಮೈಲಿ ಮೀರಿದ ಮೊಫಟ್ ಸುರಂಗ, ಆಮೇಲೆ ಗಂಟೆಗಟ್ಟಲೆ ಕೈಗೆಟುಕುವಷ್ಟು ಹತ್ತಿರದಲ್ಲಿ ಕೊಲೊರಾಡೊ ನದಿ, ಕೆಂಪು ಬಂಡೆ. ಬೋಗಿಯಲ್ಲಿದ್ದವರೆಲ್ಲ ಫೋನು ಎತ್ತಿ ಹಿಡಿದವರು ಇಳಿಸಲಿಲ್ಲ. ನಾನು ಶಿಕಾಗೋದ ಗೆಳೆಯರ ಮನೆಯಿಂದ ಕಟ್ಟಿಸಿಕೊಂಡು ಬಂದಿದ್ದ ಚಪಾತಿ, ಚಟ್ನಿಪುಡಿಯನ್ನು ಬಿಡಿಸಿ ನದಿ ನೋಡುತ್ತ ತಿಂದೆ.

ನಡುರಾತ್ರಿಗೆ ಸಾಲ್ಟ್ ಲೇಕ್ ಸಿಟಿ. ಅಲ್ಲಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಪ್ರೊಮೊಂಟರಿ ಸಮ್ಮಿಟ್ ಸಿಗುತ್ತದೆ. ಒಳಯುದ್ಧ ನಡೆಯುತ್ತಿದ್ದಾಗಲೇ, 1862ರಲ್ಲಿ, ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಕಾಯ್ದೆಯಂತೆ ಪೂರ್ವದಿಂದ ಯೂನಿಯನ್ ಪೆಸಿಫಿಕ್, ಪಶ್ಚಿಮದಿಂದ ಸೆಂಟ್ರಲ್ ಪೆಸಿಫಿಕ್ ಹಳಿ ಹಾಸುತ್ತ ಬಂದು, 1869ರ ಮೇ 10ರಂದು ಅಲ್ಲಿ ಕೂಡಿದವು. ಒಟ್ಟು 1,776 ಮೈಲಿ. ಬಂಗಾರದ ಮೊಳೆ ಇಟ್ಟರು. ಸೆಂಟ್ರಲ್ ಪೆಸಿಫಿಕ್‌ನ ಅಧ್ಯಕ್ಷ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಬೀಸಿದ ಸುತ್ತಿಗೆ ಗುರಿ ತಪ್ಪಿತೆಂದು ಹೇಳುತ್ತಾರೆ. ತಪ್ಪದೆ ಇನ್ನೇನು, ಆತನಿಗೆ ಆ ಕೆಲಸ ಮಾಡಿ ಅಭ್ಯಾಸವೆಲ್ಲಿ? ತಂತಿಯವನು ಮಾತ್ರ "ಮುಗಿಯಿತು" ಎಂಬ ಒಂದೇ ಮಾತನ್ನು ಕಳಿಸಿದ, ದೇಶದ ಉದ್ದಗಲಕ್ಕೂ ಗಂಟೆ ಬಾರಿಸಿದರು. ಎತ್ತಿನ ಬಂಡಿಯಲ್ಲಿ ಆರು ತಿಂಗಳು ಹಿಡಿಯುತ್ತಿದ್ದ ದಾರಿ ಒಂದು ವಾರಕ್ಕೆ ಇಳಿಯಿತು. 1876ರಲ್ಲಿ ಒಂದು ವಿಶೇಷ ಗಾಡಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 83 ಗಂಟೆ 39 ನಿಮಿಷದಲ್ಲಿ ಬಂದುಬಿಟ್ಟಿತು. ಅಷ್ಟೆಲ್ಲ ಸಂಭ್ರಮ ಕಂಡ ಪ್ರೊಮೊಂಟರಿಯನ್ನು 1904ರಲ್ಲಿ ಉಪ್ಪುಸರೋವರದ ಮೇಲಿನ ಒಳದಾರಿ ಬದಿಗೆ ಸರಿಸಿತು, 1942ರಲ್ಲಿ ಯುದ್ಧಕ್ಕೆ ಕಬ್ಬಿಣ ಬೇಕೆಂದು ಹಳಿಯನ್ನೇ ಕಿತ್ತರು. ಈಗ ಅಲ್ಲಿ ಇರುವುದು ಮರಳಿ ಹಾಸಿದ ತುಂಡು ಹಳಿ, ಅದರ ಮೇಲೆ ಹಳೆಯವನ್ನು ಹೋಲುವಂತೆ ಮಾಡಿದ ಎರಡು ಎಂಜಿನ್ನು.

ಬೆಳಗ್ಗೆ ನೆವಾಡಾದ ಒಣನೆಲ, ಅದರಲ್ಲಿ ದಾರಿ ತಪ್ಪಿದಂತೆ ತಿರುಗುವ ಹಂಬೋಲ್ಟ್ ನದಿ. ರೀನೊ, ಟ್ರಕ್ಕಿ ದಾಟಿದ ಮೇಲೆ ಗಾಡಿ ಸಿಯೆರಾ ನೆವಾಡಾ ಹತ್ತತೊಡಗಿತು. ಎಷ್ಟೋ ಹೊತ್ತಿನ ಮೇಲೆ ಕೆಳಗೆ ಡಾನರ್ ಸರೋವರ ಕಂಡಿತು, ನೀಲಿ, ಅಲುಗದ ನೀರು. 1846ರ ಚಳಿಗಾಲದಲ್ಲಿ ಬಂಡಿ ಕಟ್ಟಿಕೊಂಡು ಬಂದ 87 ಜನರ ತಂಡವೊಂದು ಈ ಸುತ್ತಿನಲ್ಲೇ ಹಿಮಕ್ಕೆ ಸಿಕ್ಕಿತು. ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತರು. ಉಳಿದವರು ಏನು ತಿಂದು ಉಳಿದರೆಂಬುದನ್ನು ಇಲ್ಲಿ ಬರೆಯುವುದು ಬೇಡ. ಆಗಿ ಇಪ್ಪತ್ತಮೂರೇ ವರ್ಷಕ್ಕೆ ಅದೇ ಬೆಟ್ಟದ ಮೇಲೆ ಜನ ಮೆತ್ತೆಯ ಮೇಲೆ ಕುಳಿತು ಹಾದುಹೋದರು.

ನಮ್ಮ ಗಾಡಿ ಜೂಡಾ ಬೆಟ್ಟದ ಅಡಿಯ ಎರಡು ಮೈಲಿ ಸುರಂಗ ಹೊಕ್ಕಿತು. ಅದು 1925ರದು. ಬೆಟ್ಟಕ್ಕೆ ಹೆಸರು ಬಂದದ್ದು ಈ ದಾರಿಯನ್ನು ಮೊದಲು ಅಳೆದ ಎಂಜಿನಿಯರ್ ಥಿಯೊಡೋರ್ ಜೂಡಾನಿಂದ. ಒಂದು ಗಾಡಿಯೂ ಬೆಟ್ಟ ಹತ್ತುವ ಮೊದಲೇ, 1863ರಲ್ಲಿ, ಹಳದಿ ಜ್ವರಕ್ಕೆ ಸತ್ತವನು ಆತ. ಮೂಲದ ಸುರಂಗ ಇದಕ್ಕಿಂತ ಮೇಲಿದೆ, 1993ರಲ್ಲಿ ಆ ದಾರಿಯನ್ನು ಬಿಟ್ಟುಬಿಟ್ಟರು. ಅದನ್ನು ನೋಡಲೇಬೇಕೆಂದು ಫ್ರೀಮಾಂಟ್ ಊರಿನಲ್ಲಿರುವ ನನ್ನ ಮಗಳ ಮನೆ ಸೇರಿದ ಮೇಲೆ ಹಟ ಹಿಡಿದೆ. "ಅಪ್ಪಾ, ಬೆಟ್ಟ ಹತ್ತೋಕೆ ಮಂಡಿ ನೋವು ಅಂತೀರ, ಸುರಂಗಕ್ಕಾದ್ರೆ ನೋವಿಲ್ವಾ?" ಎಂದಳು. ಅಳಿಯಂದಿರು ಪಾಪ, ಮಾತಾಡದೆ ಭಾನುವಾರ ಬೆಳಗ್ಗೆ ಕಾರು ತೆಗೆದರು.

ಆರನೆಯ ನಂಬರಿನ ಸುರಂಗ, 1,659 ಅಡಿ ಉದ್ದ. ಹೊರಗೆ ಆಗಸ್ಟಿನ ಬಿಸಿಲು, ಬಾಯಿಯೊಳಗೆ ಹತ್ತು ಹೆಜ್ಜೆ ಇಟ್ಟರೆ ಸ್ವೆಟರ್ ಬೇಕೆನ್ನಿಸುವ ಚಳಿ. ಹಳಿ ಇಲ್ಲ, ಜಲ್ಲಿ ಇದೆ. ಸೂರಿನಿಂದ ನೀರು ತೊಟ್ಟಿಕ್ಕುತ್ತದೆ. ಈಚಿನ ಹುಡುಗರು ಬಳಿದ ಬಣ್ಣದ ಬರಹ ಗೋಡೆ ತುಂಬ. ಬಣ್ಣ ಮುಗಿದ ಕಡೆ ಟಾರ್ಚು ಹಿಡಿದು ನೋಡಿದೆ. ಗಟ್ಟಿ ಗ್ರಾನೈಟಿನಲ್ಲಿ ಬೆರಳಷ್ಟು ದಪ್ಪದ, ಮೊಳದುದ್ದದ, ಅರ್ಧ ಕೊಳವೆಯಂಥ ಗೀರುಗಳು. ಒಬ್ಬ ಉಕ್ಕಿನ ಚಾಣ ಹಿಡಿದು ತಿರುಗಿಸುತ್ತ, ಇಬ್ಬರು ಸುತ್ತಿಗೆಯಿಂದ ಬಡಿಯುತ್ತ ಕೊರೆದ ಕುಳಿಗಳ ಉಳಿದ ಅರ್ಧ ಅವು. ಕುಳಿಯಲ್ಲಿ ಮದ್ದು ತುಂಬಿ ಸಿಡಿಸಿದಾಗ ಇನ್ನರ್ಧ ಕಲ್ಲಿನ ಜೊತೆ ಹೋಯಿತು. ಒಂದರಲ್ಲಿ ನನ್ನ ತೋರುಬೆರಳಿಟ್ಟು ಎಳೆದೆ. ನೂರೈವತ್ತು ವರ್ಷ ಕಳೆದರೂ ಅಂಚು ಹರಿತವಾಗಿಯೇ ಇದೆ.

ದಿನವೆಲ್ಲ ಬಡಿದರೆ ಒಂದು ಮುಖದಲ್ಲಿ ಸರಿಯುತ್ತಿದ್ದದ್ದು ಒಂದೆರಡು ಅಡಿ. ಅದಕ್ಕೇ ಬೆಟ್ಟದ ನೆತ್ತಿಯಿಂದ ನಡುವಿಗೊಂದು ಬಾವಿ ತೋಡಿ, ಅಲ್ಲಿಂದ ಎರಡು ಕಡೆಗೂ ಕೊರೆದರು. ಒಟ್ಟು ನಾಲ್ಕು ಮುಖ. ಮದ್ದು ಸಾಲದೆ ಬೆಟ್ಟದ ಮೇಲೆಯೇ ನೈಟ್ರೊಗ್ಲಿಸರಿನ್ ತಯಾರಿಸಿದರು. 1866–67ರ ಚಳಿಗಾಲದಲ್ಲಿ 44 ಹಿಮಬಿರುಗಾಳಿ. ಕೆಲಸಗಾರರು ಹಿಮದೊಳಗೇ ಬಿಲ ತೋಡಿಕೊಂಡು, ಬಿಡಾರದಿಂದ ಸುರಂಗಕ್ಕೆ ಸೂರ್ಯನನ್ನು ಕಾಣದೆ ಓಡಾಡಿದರು. ಹಿಮ ಜಾರಿ ಬಿದ್ದು ಗುಂಪುಗುಂಪಾಗಿ ಹೂತುಹೋದವರ ಹೆಣ ವಸಂತದಲ್ಲಿ ಹಿಮ ಕರಗಿದ ಮೇಲೆ ಸಿಕ್ಕಿತು. 1867ರ ಆಗಸ್ಟಿನಲ್ಲಿ ಮುಖಗಳು ಕೂಡಿದಾಗ ಎಂಜಿನಿಯರರ ಲೆಕ್ಕಕ್ಕೂ ಕಲ್ಲಿಗೂ ಕೆಲವು ಅಂಗುಲದಷ್ಟೇ ವ್ಯತ್ಯಾಸವಿತ್ತು!

ಇದನ್ನು ಮಾಡಿದವರು ಚೀನಿಯರು, ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತದ ಹಳ್ಳಿಗಾಡಿನ ಹುಡುಗರು. ಸೆಂಟ್ರಲ್ ಪೆಸಿಫಿಕ್‌ನ ಕೆಲಸಗಾರರಲ್ಲಿ ಹತ್ತಕ್ಕೆ ಒಂಬತ್ತು ಜನ ಅವರೇ. ಇದೇ ಸ್ಟ್ಯಾನ್‌ಫರ್ಡ್ 1862ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆದಾಗ ಚೀನಿಯರು ಈ ನೆಲಕ್ಕೆ ಬೇಡದ ಜನ ಎಂದು ಭಾಷಣ ಮಾಡಿದ್ದ. ಬೆಟ್ಟ ಎದುರಾದಾಗ ಬೇಕಾದರು. ಬಿಳಿಯರಿಗೆ ಸಂಬಳದ ಮೇಲೆ ಊಟ, ಬಿಡಾರ. ಇವರು ತಮ್ಮ ಅಕ್ಕಿ, ಒಣಮೀನು, ತರಕಾರಿ ತಾವೇ ಕೊಂಡು ಬೇಯಿಸಿಕೊಳ್ಳಬೇಕು. ಕುದಿಸಿದ ನೀರಿನ ಚಹಾ ಕುಡಿಯುತ್ತಿದ್ದುದರಿಂದ ಬಿಳಿಯರಿಗೆ ಬಂದ ಹೊಟ್ಟೆ ಬೇನೆ ಇವರಿಗೆ ಅಷ್ಟಾಗಿ ಬರಲಿಲ್ಲ. 1867ರ ಜೂನಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸುತ್ತಿಗೆ ಕೆಳಗಿಟ್ಟರು. ತಿಂಗಳಿಗೆ 40 ಡಾಲರ್ ಕೊಡಿ, ಕೆಲಸದ ಹೊತ್ತು ಇಳಿಸಿ ಎಂದರು. ಕಂಪನಿಯ ಚಾರ್ಲ್ಸ್ ಕ್ರಾಕರ್ ಬೆಟ್ಟಕ್ಕೆ ಹೋಗುವ ಅಕ್ಕಿಬೇಳೆಯನ್ನು ನಿಲ್ಲಿಸಿದ. ವಾರದಲ್ಲಿ ಮುಷ್ಕರ ಮುಗಿಯಿತು.

1869ರ ಏಪ್ರಿಲ್ 28ರಂದು ಪಂತ ಕಟ್ಟಿ ಒಂದೇ ದಿನ ಹತ್ತು ಮೈಲಿ ಹಳಿ ಹಾಸಿದರು. ಅಂದು ಕಂಬಿ ಎತ್ತಿದ ಎಂಟು ಐರಿಷ್ ಕೆಲಸಗಾರರ ಹೆಸರು ದಾಖಲೆಯಲ್ಲಿದೆ. ಜೊತೆಗಿದ್ದ ಚೀನಿಯರ ಹೆಸರಿಲ್ಲ. ಕಂಪನಿಯ ಸಂಬಳದ ಪಟ್ಟಿಯಲ್ಲೂ ಬಹುಪಾಲು ಇರುವುದು ಮೇಸ್ತ್ರಿಯ ಹೆಸರು, ತಲೆಯ ಲೆಕ್ಕ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರು ವರ್ಷಗಟ್ಟಲೆ ಎರಡು ಖಂಡಗಳಲ್ಲಿ ಹುಡುಕಿದರೂ ಆ ಕೆಲಸಗಾರರಲ್ಲಿ ಒಬ್ಬ ಬರೆದ ಒಂದು ಕಾಗದವೂ ಸಿಗಲಿಲ್ಲ. 1882ರಲ್ಲಿ ಚೀನೀ ಕೂಲಿಗಳು ದೇಶದೊಳಗೆ ಬರಕೂಡದೆಂದು ಕಾನೂನೇ ಆಯಿತು. ಹಿಮದ ಬಿಲದಲ್ಲಿ ಕುಳಿತು ಊರಿಗೆ ಬರೆದಿರಲೇಬೇಕಾದ ಕಾಗದಗಳು ಎಲ್ಲಿ ಹೋದವೋ. ನನಗೆ ಸಿಕ್ಕಿದ್ದು ಆ ಚಾಣದ ಗೀರು.

ಸುರಂಗಗಳ ಸಾಲಿನಲ್ಲೇ ಮುಂದೆ ಎರಡರ ನಡುವೆ ಕಂದಕ ತುಂಬಲು ಅವರು ಕಟ್ಟಿದ ಗೋಡೆಯಿದೆ, ಜನ ಅದನ್ನು ಚೀನಾ ಗೋಡೆ ಎನ್ನುತ್ತಾರೆ. ಏಳೆಂಟು ಆಳೆತ್ತರಕ್ಕೂ ಮೀರಿದ್ದು, ಗಾರೆ ಇಲ್ಲದೆ ಬರಿ ಕಲ್ಲಿನ ಮೇಲೆ ಕಲ್ಲು. ಆ ದಾರಿಯನ್ನು ಬಿಡುವ ತನಕ ಅದರ ಮೇಲೆ ಗಾಡಿ ಓಡಿತು, ಕಲ್ಲು ಕದಲಿಲ್ಲ. ಗೋಡೆಯ ಕೆಳಗಿನ ಬಂಡೆ ಮೇಲೆ ಸಾವಿರಾರು ವರ್ಷ ಹಿಂದಿನ ಮೂಲನಿವಾಸಿಗಳು ಕೆತ್ತಿದ ಸುರುಳಿ, ವೃತ್ತ, ಅಲೆಗೆರೆ. ಅದರ ಪಕ್ಕದಲ್ಲೇ ಹಳೆಯ ಹೆದ್ದಾರಿ 40. ದಾಟಬೇಕೆಂದವರೆಲ್ಲ ಈ ಕಣಿವೆಗೇ ಬಂದಿದ್ದಾರೆ.

ಸ್ಟ್ಯಾನ್‌ಫರ್ಡ್ ರೈಲಿನಿಂದ ಮಾಡಿದ ದುಡ್ಡಿನಲ್ಲಿ ತೀರಿಹೋದ ಮಗನ ಹೆಸರಿಗೆ ಕಟ್ಟಿದ್ದು ಆ ವಿಶ್ವವಿದ್ಯಾಲಯ. ಅದರ ಸುತ್ತ ಬೆಳೆದದ್ದು ಸಿಲಿಕಾನ್ ವ್ಯಾಲಿ. ಅಲ್ಲಿಯ ಕೆಲಸಕ್ಕೆಂದು ಬಂದವರು ನಮ್ಮ ಮೈಸೂರು, ಹುಬ್ಬಳ್ಳಿ, ಬೆಂಗಳೂರಿನ ಮಕ್ಕಳು. ನನ್ನ ಮಗಳು ಅವರಲ್ಲೊಬ್ಬಳು. ಅವಳ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರ ಹೋದರೆ ನೈಲ್ಸ್ ಕಣಿವೆ. ಪ್ರೊಮೊಂಟರಿಯ ಸಂಭ್ರಮ ಮುಗಿದು ನಾಲ್ಕು ತಿಂಗಳಾದ ಮೇಲೆ, 1869ರ ಸೆಪ್ಟೆಂಬರಿನಲ್ಲಿ, ರೈಲು ನಿಜವಾಗಿ ಪೆಸಿಫಿಕ್ ತೀರಕ್ಕೆ ಬಂದಿಳಿದದ್ದು ಈ ಕಣಿವೆಯ ಹಳಿಯ ಮೇಲೆ. ನೆರೆಹೊರೆಯ ಕನ್ನಡಿಗರಲ್ಲಿ ಹಲವರಿಗೆ ಅದು ವಾರಾಂತ್ಯದಲ್ಲಿ ಮಕ್ಕಳನ್ನು ಹಳೆಯ ಗಾಡಿ ಹತ್ತಿಸುವ ಜಾಗ, ಅಷ್ಟೆ.

ಮಕ್ಕಳ ಮನೆಗೆಂದು ಆ ಕಡೆ ಹೋಗುವ ತಂದೆತಾಯಂದಿರಲ್ಲಿ ಒಂದು ಕೋರಿಕೆ. ಶಿಕಾಗೋದಿಂದ ರೈಲು ಹತ್ತಲು ಮೈ ಒಪ್ಪದಿದ್ದರೆ ಬೇಡ. ಸ್ಯಾಕ್ರಮೆಂಟೊದಿಂದ ರೀನೊವರೆಗಾದರೂ ಅದೇ ಗಾಡಿಯಲ್ಲಿ ಹೋಗಿ. ಹಗಲಿನ ಐದು ಗಂಟೆಯ ದಾರಿ ಅದು. ಹೊರಡುವ ಮೊದಲು ಸ್ಯಾಕ್ರಮೆಂಟೊದ ರೈಲು ಮ್ಯೂಸಿಯಮ್ಮಿಗೆ ಅರ್ಧ ದಿನ ಕೊಡಿ. ಬಂಗಾರದ ಮೊಳೆಯ ಜೋಡಿಮೊಳೆ ಅಲ್ಲಿದೆ. ಬೇಸಗೆಯಾದರೆ, ಅಳಿಯಂದಿರು ಒಪ್ಪಿದರೆ, ಹಳೆಯ ಹೆದ್ದಾರಿಯ ಬದಿಗೆ ಕಾರು ನಿಲ್ಲಿಸಿ ಚೀನಾ ಗೋಡೆಯನ್ನು ಕಣ್ತುಂಬ ನೋಡಿ ಬನ್ನಿ. ಚಳಿಗಾಲದಲ್ಲಿ ಹೋಗಬೇಡಿ, ಗೋಡೆ ಹಿಮದಡಿ ಇರುತ್ತದೆ.